ಮೊಬೈಲಿನ ಲೆಕ್ಕದಲ್ಲಿ ಇಲ್ಲದ ಕಾಲಂ

ತಂದೆಯವರು ತೀರಿಕೊಂಡ ಎರಡು ತಿಂಗಳ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ನಾವು ಅಣ್ಣತಮ್ಮಂದಿರು ಅಂಗಡಿಯ ಬಾಗಿಲು ಅರ್ಧ ಎಳೆದು ಸಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತೆವು. ಅದು 2019. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕಗಳು. ಒಂದೊಂದು ಮನೆಗೆ ಒಂದೊಂದು ಪುಟ. ಅಕ್ಕಿ, ಸಕ್ಕರೆ, ಚಾಹುಡಿ, ತೆಂಗಿನೆಣ್ಣೆ, ಎದುರಿಗೆ ಮೊತ್ತ, ಹಣ ಬಂದಾಗ ‘ಜಮಾ’. ಬಾಕಿಯವರ ಪಟ್ಟಿ ಮಾಡಿ ವಸೂಲಿಗೆ ಹೊರಡಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಆದರೆ ಅಲ್ಲಲ್ಲಿ ಕೆಲವು ಪುಟಗಳ ಬಾಕಿಗೆ ಗೆರೆ ಎಳೆದು, ಬದಿಯಲ್ಲಿ ‘ಮಾ’ ಎಂದು ಒಂದೇ ಅಕ್ಷರ ಬರೆದಿತ್ತು. ಜಮಾ ಆದ ತಾರೀಕಿಲ್ಲ, ಮೊತ್ತವೂ ಇಲ್ಲ. ಮಾರ್ಚ್ ತಿಂಗಳ ಗುರುತೇ? ಯಾರದೋ ಹೆಸರಿನ ಮೊದಲ ಅಕ್ಷರವೇ? ಕೊನೆಗೆ ಉಮ್ಮನನ್ನು ಕೇಳಿದೆವು. ಅವರು ಪುಸ್ತಕವನ್ನು ನೋಡದೆಯೇ ಹೇಳಿದರು: “ಅದು ಮಾಫಿ. ರಂಝಾನ್‌ನ ಕೊನೆಯ ವಾರ ನಿಮ್ಮ ಉಪ್ಪ ರಾತ್ರಿ ಕೂತು ಗೆರೆ ಎಳೆಯುತ್ತಿದ್ದರು. ಕೊಡಲಿಕ್ಕೆ ಆಗದವರದ್ದು. ಝಕಾತ್ ಬೇರೆ, ಇದು ಬೇರೆ ಅಂತ ಹೇಳುತ್ತಿದ್ದರು.”

ಆ ಪುಸ್ತಕಗಳು ಈಗ ಅಟ್ಟದ ಮೇಲಿವೆ. ನಮ್ಮ ಲೆಕ್ಕವೆಲ್ಲ ಮೊಬೈಲಿನಲ್ಲಿದೆ. ‘ಮಾ’ ಎಂಬ ಅಕ್ಷರಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ನಮಗೆ ತಿಳಿದದ್ದು ತುಂಬಾ ತಡವಾಗಿ.

ನಮ್ಮದು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಜೀನಸಿನ ಅಂಗಡಿ. ಸಾಮಾನು ಬರುವುದು ಹೆಚ್ಚಾಗಿ ಮಂಗಳೂರಿನ ಬಂದರಿನ ಸಗಟು ಅಂಗಡಿಗಳಿಂದ. ಗಿರಾಕಿಗಳೆಂದರೆ ಸುತ್ತಲಿನ ಮನೆಗಳವರು: ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು, ಅಡಿಕೆ ತೋಟದ ಕೆಲಸದವರು, ಗಲ್ಫಿನಲ್ಲಿ ದುಡಿಯುವವರ ಕುಟುಂಬಗಳು. ಕೆಲವು ವರ್ಷಗಳ ಹಿಂದೆ ನಮ್ಮ ಪೇಟೆಯಲ್ಲಿ ವ್ಯಾಪಾರಿಗಳಿಗಾಗಿ ಒಂದು ಸಭೆ ನಡೆಯಿತು. ವಿಷಯ: ‘ವ್ಯಾಪಾರದಲ್ಲಿ ಡಿಜಿಟಲ್ ಪರಿವರ್ತನೆ’. ನಾವೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಗಲ್ಲಾಪೆಟ್ಟಿಗೆಯ ಪಕ್ಕ ಕ್ಯುಆರ್ ಕೋಡ್ ಅಂಟಿಸಿದ್ದೇವೆ, ಹಣ ಬಂದರೆ ಕೂಗಿ ಹೇಳುವ ಸ್ಪೀಕರ್ ಇಟ್ಟಿದ್ದೇವೆ, ನಮ್ಮ ಪರಿವರ್ತನೆ ಮುಗಿಯಿತಲ್ಲ ಎಂಬುದು ನಮ್ಮ ಲೆಕ್ಕಾಚಾರ. ಭಾಷಣಕಾರರು ಬೇರೆಯೇ ಹೇಳಿದರು. ಪುಸ್ತಕದಲ್ಲಿದ್ದುದನ್ನು ಕಂಪ್ಯೂಟರಿಗೆ ಹಾಕುವುದು ಮೊದಲ ಮೆಟ್ಟಿಲು. ಬಿಲ್ಲು ಮಾಡುವುದು, ಸಾಮಾನು ತರಿಸುವುದು, ಹಣ ಪಡೆಯುವುದು ಎಲ್ಲವೂ ಅದರ ಮೂಲಕವೇ ನಡೆಯುವುದು ಎರಡನೆಯದು. ಹೀಗೆ ಕೂಡಿಬಂದ ಲೆಕ್ಕವನ್ನು ಓದಿ, ವ್ಯಾಪಾರ ಮಾಡುವ ರೀತಿಯನ್ನೇ ಬದಲಿಸಿಕೊಳ್ಳುವುದು ಮೂರನೆಯದು. ಮೂರನೆಯದಕ್ಕೆ ಮಾತ್ರ ಪರಿವರ್ತನೆ ಎಂಬ ಹೆಸರು ಸಲ್ಲುತ್ತದೆ ಎಂದರು ಅವರು. ಮಾತು ಸರಿಯಾಗಿತ್ತು. ಆದರೆ ಲೆಕ್ಕವನ್ನು ಓದುವುದು ಹೇಗೆ ಎಂಬುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಮೆಟ್ಟಿಲುಗಳನ್ನು ನಾವಾಗಿಯೇ ಹತ್ತಿದೆವು ಎಂದರೆ ಸುಳ್ಳಾಗುತ್ತದೆ. ಕಾಲ ನಮ್ಮನ್ನು ತಳ್ಳಿ ಹತ್ತಿಸಿತು. ಲೆಕ್ಕಪತ್ರಗಳಿಗಾಗಿಯೇ ಸಾಫ್ಟ್‌ವೇರ್ ಮಾಡುವ ಟ್ಯಾಲಿ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ್ದು 1986ರಲ್ಲಿ. ನಮ್ಮ ಆಡಿಟರ್ ಕಚೇರಿಯಲ್ಲಿ ಅದನ್ನು ನೋಡುತ್ತಾ ಬಂದರೂ ಅದು ದೊಡ್ಡವರ ಸಂಗತಿ ಎಂದುಕೊಂಡಿದ್ದೆವು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ದೇಶದಲ್ಲಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ. 86ರಷ್ಟು ಆ ಎರಡು ನೋಟುಗಳಲ್ಲೇ ಇತ್ತು. ನಮ್ಮ ಪೇಟೆಯಲ್ಲಿ ವಾರದ ಮಜೂರಿ ಕೈಗೆ ಬಾರದೆ ಬೀಡಿ ಕಟ್ಟುವ ಮನೆಗಳು ಕಂಗಾಲಾದವು. ಅಂಗಡಿಯ ಸಾಲದ ಪುಸ್ತಕ ಆ ಎರಡು ತಿಂಗಳಲ್ಲಿ ತುಂಬಿದಷ್ಟು ಎಂದೂ ತುಂಬಿರಲಿಲ್ಲ. ಅದೇ ವರ್ಷ ಯುಪಿಐ ಕೂಡಾ ಆರಂಭವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2020ರಲ್ಲಿ ಕೊರೋನ ಬಂದು, ನೋಟು ಮುಟ್ಟಲೂ ಜನ ಹೆದರಿದಾಗ ನಾವು ಕ್ಯುಆರ್ ಕೋಡ್ ಅಂಟಿಸಿದೆವು. ಆ ವರ್ಷದ ಜನವರಿಯಿಂದ ಯುಪಿಐ ಮೂಲಕ ಹಣ ಪಡೆಯುವ ವ್ಯಾಪಾರಿ ಬ್ಯಾಂಕಿಗೆ ಶುಲ್ಕ ಕೊಡಬೇಕಿರಲಿಲ್ಲ ಎಂಬುದೂ ಒಂದು ಆಕರ್ಷಣೆ. ಕೊನೆಗೆ 2021ರಲ್ಲಿ ಸಾಲದ ಪುಸ್ತಕವನ್ನೂ ಒಂದು ಆ್ಯಪ್‌ಗೆ ಇಳಿಸಿದೆವು.

ಇದರಿಂದ ನಮಗೆ ಆದ ಲಾಭವನ್ನು ಮುಚ್ಚಿಡುವುದು ಕೃತಘ್ನತೆಯಾಗುತ್ತದೆ. ಸಾಮಾನಿನ ಲೆಕ್ಕ ಮೊಬೈಲಿಗೆ ಬಂದ ಮೊದಲ ವರ್ಷವೇ ನಮಗೆ ಗೊತ್ತಾಯಿತು, ನಾವು ಲಾಭದ ಸಾಮಾನೆಂದು ಮುಂದೆ ಜೋಡಿಸಿಟ್ಟಿದ್ದ ಕೆಲವು ಡಬ್ಬಗಳು ಅವಧಿ ಮುಗಿದು ಹಿಂದಿನ ಬಾಗಿಲಿನಿಂದ ಕಸಕ್ಕೆ ಹೋಗುತ್ತಿದ್ದವು. ನಾವು ಅಸಡ್ಡೆ ಮಾಡಿ ಮೂಲೆಗೆ ಹಾಕಿದ್ದ ಕುಚ್ಚಲಕ್ಕಿ, ಒಣಮೀನು, ಒಣಮೆಣಸು ಅಂಗಡಿಯನ್ನು ಸಾಕುತ್ತಿದ್ದವು. ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಅಂಗಡಿಯ ಹಣ ಯಾವುದು, ಮನೆಯ ಹಣ ಯಾವುದು ಎಂಬ ಗೆರೆಯೇ ನಮ್ಮಲ್ಲಿರಲಿಲ್ಲ. ಗಲ್ಲಾಪೆಟ್ಟಿಗೆಯಿಂದಲೇ ಮೀನು ತರುತ್ತಿದ್ದೆವು, ಮಕ್ಕಳ ಫೀಸು ಕಟ್ಟುತ್ತಿದ್ದೆವು, ವರ್ಷದ ಕೊನೆಗೆ ಝಕಾತ್ ಲೆಕ್ಕ ಹಾಕುವಾಗ ಅಂದಾಜಿನಲ್ಲಿ ಮುಗಿಸುತ್ತಿದ್ದೆವು. ಸರಕು ಎಷ್ಟಿದೆ, ಕೊಡಬೇಕಾದುದೆಷ್ಟು, ಬರಬೇಕಾದುದೆಷ್ಟು ಎಂದು ಸರಿಯಾಗಿ ತಿಳಿಯದೆ ಮಾಡಿದ ಝಕಾತ್ ಲೆಕ್ಕ ಎಷ್ಟು ಸರಿ? ಈಗ ಆ ಲೆಕ್ಕ ಒಂದು ಸಂಜೆಯ ಕೆಲಸ.

ಗಲ್ಫಿನ ಮನೆಗಳ ಸಂಗತಿಯೂ ಬದಲಾಯಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಆ ಮನೆಗಳ ಬಾಕಿ ತೀರುತ್ತಿದ್ದುದು ಅಂಚೆಯಲ್ಲಿ ಡ್ರಾಫ್ಟ್ ಬಂದಾಗ. ಡ್ರಾಫ್ಟ್ ತಡವಾದರೆ ತಂದೆಯವರು ಬಂದರಿನ ಸಗಟು ವ್ಯಾಪಾರಿಗೆ ಕಾರಣ ಹೇಳಬೇಕು, ಆತ ಇನ್ನೊಬ್ಬರಿಗೆ ಹೇಳಬೇಕು. ಒಂದು ಲಕೋಟೆ ಬರುವವರೆಗೆ ನಾಲ್ಕು ಕಡೆ ಲೆಕ್ಕ ನಿಲ್ಲುತ್ತಿತ್ತು. 2023ರ ಆರಂಭದಲ್ಲಿ ಸೌದಿ, ಯುಎಇ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ಮೊಬೈಲ್ ನಂಬರಿನಿಂದಲೇ, ಅನಿವಾಸಿಗಳು ಇಲ್ಲಿನ ತಮ್ಮ ಖಾತೆಯ ಮೂಲಕ ಯುಪಿಐ ಬಳಸುವುದಕ್ಕೆ ದಾರಿಯಾಯಿತು. ಈಗ ದಮ್ಮಾಮಿನಲ್ಲಿರುವ ಮಗ ವಾಟ್ಸಾಪಿನಲ್ಲಿ ಪಟ್ಟಿ ಕಳಿಸುತ್ತಾನೆ, ನಾವು ತಾಯಿಯ ಮನೆಗೆ ಸಾಮಾನು ಮುಟ್ಟಿಸುತ್ತೇವೆ, ಮಗ್ರಿಬ್‌ಗೆ ಮೊದಲು ಹಣ ಬಂದಿರುತ್ತದೆ.

ಇಷ್ಟೆಲ್ಲ ಆದಾಗ ನಮಗೆ ಒಂದು ಬಗೆಯ ಹೆಮ್ಮೆ ಬಂದದ್ದು ನಿಜ. ಆ ಹೆಮ್ಮೆಗೆ ಧಾರ್ಮಿಕ ಆಧಾರವನ್ನೂ ಹುಡುಕಿಕೊಂಡೆವು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಂದರೆ ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ, ನಮಾಝಿನ ಬಗ್ಗೆಯಾಗಲಿ, ಉಪವಾಸದ ಬಗ್ಗೆಯಾಗಲಿ ಇಲ್ಲ. ಅದು ಸಾಲದ ಲೆಕ್ಕ ಬರೆಯುವುದರ ಬಗ್ಗೆ ಇದೆ. ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು ಎಂದು ಅದು ಕಲಿಸುತ್ತದೆ. ನಮ್ಮ ಮೊಬೈಲು ಇದನ್ನೆಲ್ಲ ಮಾಡುತ್ತದೆಯಲ್ಲವೇ? ಒಂದು ರೂಪಾಯಿಯನ್ನೂ ಬಿಡದೆ ಬರೆಯುತ್ತದೆ. ಬರೆದ ಕೂಡಲೇ ಗಿರಾಕಿಗೂ ಎಸ್‌ಎಮ್‌ಎಸ್ ಹೋಗುತ್ತದೆ. ತಂದೆಯವರ ಪುಸ್ತಕ ತಂದೆಯವರ ಕೈಯಲ್ಲೇ ಇತ್ತು. ಇದು ಇಬ್ಬರ ಕೈಯಲ್ಲೂ ಇರುತ್ತದೆ. ಹಾಗೆ ನೋಡಿದರೆ ನಮ್ಮದೇ ಆ ಸೂಕ್ತಕ್ಕೆ ಹೆಚ್ಚು ಹತ್ತಿರವೆಂದು ನಾವು ಅಂದುಕೊಂಡೆವು. ಆ ಸೂಕ್ತದ ಒಂದು ಮಾತನ್ನು ಮಾತ್ರ ನಾವು ಗಮನಿಸಿರಲಿಲ್ಲ. ಅದನ್ನು ನಮಗೆ ನೆನಪಿಸಿದವರು ಬೀಡಿ ಕಟ್ಟಿ ಬದುಕುವ ಒಬ್ಬ ವಯಸ್ಸಾದ ಹೆಂಗಸು.

ಅವರು ತಂದೆಯವರ ಕಾಲದಿಂದಲೂ ನಮ್ಮ ಗಿರಾಕಿ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿವೆ. ಮಗಳ ಮನೆಯಲ್ಲಿ ವಾಸ. ವಾರದ ಮಜೂರಿ ಸಿಕ್ಕಿದ ದಿನ ತಪ್ಪದೆ ಬಂದು ಸ್ವಲ್ಪ ಕೊಟ್ಟು, ಸ್ವಲ್ಪ ಉಳಿಸಿ ಹೋಗುವುದು ಅವರ ಪದ್ಧತಿ. ಪುಸ್ತಕವನ್ನು ಆ್ಯಪ್‌ಗೆ ಇಳಿಸುವಾಗ ಪ್ರತಿಯೊಂದು ಹೆಸರಿಗೂ ಒಂದು ಮೊಬೈಲ್ ನಂಬರ್ ಬೇಕಾಯಿತು. ಅವರಲ್ಲಿ ಮೊಬೈಲ್ ಇರಲಿಲ್ಲ. ಮನೆಯಲ್ಲಿ ಯಾರದ್ದೋ ಒಂದಿರಲಿ ಎಂದು ಅವರ ಅಳಿಯನ ನಂಬರ್ ಹಾಕಿದೆವು. ಲೆಕ್ಕ ಬರೆದಾಗ ಹೋಗುತ್ತಿದ್ದ ಸಣ್ಣ ಸಂದೇಶಗಳನ್ನು ಅಳಿಯ ಕಂಪೆನಿಗಳ ಜಾಹೀರಾತಿನೊಂದಿಗೆ ಓದದೆ ಬಿಟ್ಟಿರಬೇಕು. 2025ರ ಆರಂಭದಲ್ಲಿ ಅವರ ಆರೋಗ್ಯ ಸರಿಯಿಲ್ಲದೆ ಬೀಡಿ ನಿಂತಿತು. ಬಾಕಿ 1,840 ರೂಪಾಯಿಗೆ ಏರಿತು. ಬಾಕಿ ಹಳತಾದರೆ ತಾನಾಗಿಯೇ ನೆನಪಿನ ಸಂದೇಶ ಕಳಿಸುವ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಿಟ್ಟಿದ್ದೆವು. ಒಂದಲ್ಲ, ಮೂರು ಸಂದೇಶ ಹೋಯಿತು. ಮೂರನೆಯದು ಹೋದದ್ದು ಅಳಿಯನ ಮನೆಗೆ ನೆಂಟರು ಬಂದ ದಿನ. ಅತ್ತೆಯ ಹೆಸರು, ಬಾಕಿಯ ಮೊತ್ತ, ಕೂಡಲೇ ಪಾವತಿಸಿ ಎಂಬ ಒಕ್ಕಣೆ, ಕೆಳಗೆ ನಮ್ಮ ಅಂಗಡಿಯ ಹೆಸರು.

ಮರುದಿನ ಬೆಳಿಗ್ಗೆ ಅವರು ಬಂದು ಹಣವನ್ನು ಗಲ್ಲದ ಮೇಲೆ ಇಟ್ಟರು. ಎಲ್ಲಿಂದ ತಂದರೋ ತಿಳಿಯದು. ನಾವು ಎಣಿಸಲಿಲ್ಲ, ಅವರೇ ಎಣಿಸಿ ತೋರಿಸಿದರು. ನಮಗೆ ಸಂದೇಶ ಹೋದದ್ದೇ ಗೊತ್ತಿರಲಿಲ್ಲ, ಅದು ತನ್ನಷ್ಟಕ್ಕೇ ಹೋಗುವುದು ಎಂದು ಸಮಜಾಯಿಷಿ ಹೇಳಿದೆವು. ಅವರು ಸಿಟ್ಟು ಮಾಡಲಿಲ್ಲ. “ಮೋನೇ, ನಿಮ್ಮ ಉಪ್ಪ ಇದ್ದಾಗ ನಾನು ಲೆಕ್ಕ ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಈಗ ನಿಮ್ಮ ಮೊಬೈಲು ನನ್ನ ಲೆಕ್ಕವನ್ನು ಊರಿಗೆ ಹೇಳುತ್ತದೆ” ಎಂದಷ್ಟೇ ಹೇಳಿ ಹೊರಟುಹೋದರು.

ಆ ರಾತ್ರಿ ಇಶಾ ಮುಗಿಸಿ ಬಂದು ನಾವು ಮತ್ತೆ ಆ ಸೂಕ್ತದ ಅನುವಾದ ತೆರೆದೆವು. ಅಲ್ಲಿತ್ತು. ಲೆಕ್ಕವನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು! ಅವನು ದೇವಭಯವಿಟ್ಟುಕೊಂಡು, ಏನನ್ನೂ ಕಡಿಮೆ ಮಾಡದೆ ಹೇಳಬೇಕು. ಹೇಳುವ ಶಕ್ತಿ ಅವನಿಗಿಲ್ಲದಿದ್ದರೆ ಅವನ ಪರವಾಗಿರುವವನು ನ್ಯಾಯದಿಂದ ಹೇಳಬೇಕು. ಹಣವಿರುವವನ ಕೈ ಹೇಗೂ ಮೇಲಿರುತ್ತದೆ. ಮಾತಾದರೂ ಇಲ್ಲದವನದ್ದಾಗಿರಲಿ ಎಂದು ಇದರ ಅರ್ಥವಿರಬಹುದೇ? ಆ ಹೆಂಗಸು ಓದಿದವರಲ್ಲ. ಆದರೆ ತನ್ನಿಂದ ಏನನ್ನು ಕಿತ್ತುಕೊಳ್ಳಲಾಯಿತು ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ಎರಡು ಸೂಕ್ತ ಹಿಂದೆ ಹೋದರೆ, 280ರಲ್ಲಿ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂಬ ಆದೇಶವಿದೆ. ಅಂದರೆ ಬರೆಯುವ ಮಾತಿಗಿಂತ ಮೊದಲೇ ಬಿಡುವ ಮಾತು ಬಂದಿದೆ. ನಾವು ಮುಂದಿನದನ್ನು ಓದಿ ಹಿಂದಿನದನ್ನು ಮರೆತಿದ್ದೆವು. ತಂದೆಯವರ ಪುಸ್ತಕದಲ್ಲಿ ಎರಡೂ ಇತ್ತು: ಮೊತ್ತವೂ ಇತ್ತು, ‘ಮಾ’ ಕೂಡಾ ಇತ್ತು.

ಇದಾಗಿ ಕೆಲವೇ ತಿಂಗಳಲ್ಲಿ ಅದೇ ಪಾಠವನ್ನು ನಾವು ಇನ್ನೊಂದು ಬದಿಯಿಂದ ಕಲಿಯಬೇಕಾಯಿತು.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದು ಓದುಗರಿಗೆ ನೆನಪಿರಬಹುದು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಒದಗಿಸುವವರದ್ದು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. 2021-22ರಿಂದ ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ಕೂಡಿಸಿ, ಈ ಮಿತಿ ಮೀರಿದವರನ್ನು ಇಲಾಖೆ ಗುರುತಿಸಿತ್ತು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ಹಾಲು ಮಾರುವವರು, ತರಕಾರಿಯವರು ತಬ್ಬಿಬ್ಬಾದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂದ ಸುದ್ದಿ ರಾಜ್ಯವಿಡೀ ಹರಡಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಎಂಬುದು ನಮ್ಮ ಪೇಟೆಯ ಮಕ್ಕಳಿಗೂ ಗೊತ್ತು. ಬೆಂಗಳೂರಿನಲ್ಲಿ ಅನೇಕ ಅಂಗಡಿಗಳವರು ಕ್ಯುಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ಜುಲೈ 25ಕ್ಕೆ ಬಂದ್ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ನಾವು 2017ರಲ್ಲೇ ನೋಂದಣಿ ಮಾಡಿಸಿಕೊಂಡವರು. ನಮಗೆ ನೋಟೀಸು ಬರಲಿಲ್ಲ. ಆದರೂ ಆಡಿಟರ್ ನಮ್ಮ ಖಾತೆಯ ವಿವರ ತರಿಸಿಕೊಂಡು ಒಂದೊಂದು ಸಾಲಿನ ಎದುರು ಬೆರಳಿಟ್ಟು ಇದೇನು, ಇದು ಯಾರದ್ದು ಎಂದು ಕೇಳತೊಡಗಿದಾಗ ನಾವು ಬೆವರಿದೆವು. ಮನೆಯ ಖರ್ಚು ಬೇರೆ ಮಾಡಿದ್ದೆವು ನಿಜ, ಆದರೆ ಅಂಗಡಿಯ ಕ್ಯುಆರ್ ಕೋಡಿಗೆ ಬಂದ ಹಣವೆಲ್ಲ ವ್ಯಾಪಾರದ್ದಾಗಿರಲಿಲ್ಲ. ತಂಗಿಯ ಗಂಡ ಮನೆ ಕಟ್ಟಲು ಕಳಿಸಿದ ಹಣ ಅಲ್ಲಿತ್ತು. ಮಸೀದಿಯ ರಿಪೇರಿಗೆ ಊರವರು ಒಟ್ಟುಗೂಡಿಸಿ ನಮ್ಮ ಕೈಯಲ್ಲಿ ಅಮಾನತ್ತಾಗಿ ಇಟ್ಟದ್ದು ಅಲ್ಲಿತ್ತು. ಚಿಲ್ಲರೆ ಇಲ್ಲದ ರಿಕ್ಷಾದವರು ನಮ್ಮ ಸ್ಕ್ಯಾನಿಗೆ ಹಾಕಿಸಿ ನೋಟು ಪಡೆದದ್ದೂ ಇತ್ತು. ಯಂತ್ರಕ್ಕೆ ಇವೆಲ್ಲ ಒಂದೇ: ಬಂದ ಹಣ. ಕೂಡಿಸುವುದರಲ್ಲಿ ಅದು ತಪ್ಪುವುದಿಲ್ಲ. ಆದರೆ ಕೂಡಿಸಿದ್ದು ಏನನ್ನು ಎಂಬುದು ಅದಕ್ಕೆ ತಿಳಿಯದು. ನಿಜ ಹೇಳಬೇಕೆಂದರೆ, ಮೇಲೆ ಹೇಳಿದ ಅದೇ ಸೂಕ್ತ ಕೈಯಿಂದ ಕೈಗೆ ನಡೆಯುವ ರೊಕ್ಕದ ವ್ಯಾಪಾರವನ್ನು ಬರೆಯದಿದ್ದರೂ ದೋಷವಿಲ್ಲ ಎಂದು ರಿಯಾಯಿತಿ ಕೊಟ್ಟಿದೆ. ಇಂದು ಹತ್ತು ರೂಪಾಯಿಯ ಚಹಾವೂ ಎಲ್ಲೋ ಒಂದು ಕಡೆ ಬರೆಯಲ್ಪಡುತ್ತದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ಪಾವತಿಗಳಾದವು. ಇಷ್ಟೊಂದು ಬರೆಹ ಮನುಷ್ಯ ಇತಿಹಾಸದಲ್ಲಿ ಯಾವ ಲೆಕ್ಕಿಗನ ಪುಸ್ತಕದಲ್ಲಿಯೂ ಇದ್ದಿರಲಾರದು.

ತೆರಿಗೆ ಕೊಡಬೇಕಾದುದು ಪ್ರಜೆಯ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ವಹಿವಾಟನ್ನು ಮುಚ್ಚಿಟ್ಟವರು ಸಿಕ್ಕಿಬಿದ್ದರೆ ನಮಗೆ ದುಃಖವೂ ಇಲ್ಲ. ಆದರೆ ಮೊತ್ತವನ್ನು ಮಾತ್ರ ನೋಡಿ, ಮನುಷ್ಯನನ್ನು ಕೇಳುವ ಮೊದಲೇ ಬೇಡಿಕೆಯ ಕಾಗದ ಕಳಿಸುವುದು ಸರಿಯೇ ಎಂದು ಆ ದಿನಗಳಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ನಾವು ಜೋರಾಗಿ ವಾದ ಮಾಡುತ್ತಿದ್ದೆವು. ವಾದದ ನಡುವೆ ನಮ್ಮಲ್ಲಿ ಕಿರಿಯವನು ಇದ್ದಕ್ಕಿದ್ದಂತೆ ಸುಮ್ಮನಾದ. ಯಾಕೆಂದು ಕೇಳಿದರೆ, “ನಾವು ಆ ಉಮ್ಮನಿಗೆ ಮಾಡಿದ್ದು ಬೇರೆ ಏನು?” ಎಂದ. ಉಳಿದವರಲ್ಲಿ ಉತ್ತರವಿರಲಿಲ್ಲ.

ನಮ್ಮ ತಿಳುವಳಿಕೆಗೆ ಬಂದಂತೆ, ವ್ಯಾಪಾರದ ಡಿಜಿಟಲ್ ಪರಿವರ್ತನೆಯ ತಿರುಳು ಇಲ್ಲಿದೆ. ಮೊದಲು ಲೆಕ್ಕ ಬರೆಯುವವನೇ ಲೆಕ್ಕ ಓದುವವನೂ ಆಗಿದ್ದ. ಬರೆಯುವಾಗ ಗಿರಾಕಿಯ ಮುಖ ನೋಡುತ್ತಿದ್ದ. ಓದುವಾಗ ಆ ಮುಖ ನೆನಪಾಗುತ್ತಿತ್ತು. ಈಗ ಬರೆಯುವುದು ಒಂದು ಕಡೆ, ಓದುವುದು ಇನ್ನೊಂದು ಕಡೆ. ನಮ್ಮ ಲೆಕ್ಕವನ್ನು ಬ್ಯಾಂಕು ಓದುತ್ತದೆ, ಇಲಾಖೆ ಓದುತ್ತದೆ, ಆ್ಯಪ್‌ನ ಕಂಪೆನಿ ಓದುತ್ತದೆ. ನಾವು ಗಿರಾಕಿಯ ಲೆಕ್ಕವನ್ನು ಓದುತ್ತೇವೆ. ಸರಿಯಾದ ಲೆಕ್ಕ ಒಂದು ಅನುಗ್ರಹ, ಅದನ್ನು ಬಿಟ್ಟು ಹಳೆಯ ಅಂದಾಜಿಗೆ ಮರಳುವ ಆಸೆ ನಮಗಿಲ್ಲ. ಆದರೆ ಲೆಕ್ಕ ಎಷ್ಟು ನಿಖರವೋ, ಓದುವವನು ಅಷ್ಟೇ ನಿಧಾನಿಯಾಗಿರಬೇಕು. ಕೇಳುವ ಮುಂಚೆ ವಿಚಾರಿಸಬೇಕು. ಇದನ್ನು ಯಾವ ಕಂಪೆನಿಯೂ ನಮಗೆ ಮಾಡಿಕೊಡಲಾರದು.

ನಾವು ಮಾಡಿಕೊಂಡ ಬದಲಾವಣೆಗಳು ಸಣ್ಣವು. ತಾನಾಗಿ ಹೋಗುವ ನೆನಪಿನ ಸಂದೇಶವನ್ನು ನಿಲ್ಲಿಸಿದೆವು. ಯಾರಲ್ಲಿ ಸ್ವಂತ ಮೊಬೈಲ್ ಇಲ್ಲವೋ ಅವರ ಲೆಕ್ಕವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಅವರ ಕೈಗೇ ಕೊಡುತ್ತೇವೆ. ಬರೆಯುವ ಮುಂಚೆ ಎಷ್ಟೆಂದು ಅವರಿಂದಲೇ ಹೇಳಿಸುತ್ತೇವೆ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಮಾಡಿದೆವು. ಮಸೀದಿಯ ಹಣಕ್ಕೆ ಮಸೀದಿಯ ಖಾತೆಯನ್ನೇ ತೋರಿಸಿದೆವು. ಇನ್ನು ಮಾಫಿಯ ವಿಷಯ. ನಮ್ಮ ಆ್ಯಪ್‌ನಲ್ಲಿ ಎರಡೇ ಕಾಲಂ: ಕೊಟ್ಟದ್ದು, ಬಂದದ್ದು. ಬಿಟ್ಟದ್ದು ಎಂಬುದಿಲ್ಲ. ಯಾರದ್ದಾದರೂ ಬಾಕಿ ಬಿಡಬೇಕಾದರೆ, ಬಾರದ ಹಣವನ್ನು ಬಂತೆಂದು ಬರೆಯಬೇಕು. ಅದು ಸುಳ್ಳು ಲೆಕ್ಕವಾಗುತ್ತದೆ, ಆಡಿಟರ್ ಒಪ್ಪುವುದಿಲ್ಲ, ನಮ್ಮ ಮನಸ್ಸೂ ಒಪ್ಪುವುದಿಲ್ಲ. ಆದ್ದರಿಂದ ಷರಾ ಬರೆಯುವ ಜಾಗದಲ್ಲಿ ತಂದೆಯವರ ಆ ಒಂದಕ್ಷರವನ್ನು ಹಾಕಿ, ಮುಂದೆ ಆ ಬಾಕಿಯನ್ನು ಕೇಳುವುದಿಲ್ಲವೆಂದು ನಾವು ನಾವೇ ಒಪ್ಪಂದ ಮಾಡಿಕೊಂಡೆವು. ಆ ಮೊತ್ತ ಇಂದಿಗೂ ಒಟ್ಟು ಬಾಕಿಯಲ್ಲಿ ಕೂಡಿಕೊಂಡೇ ತೋರುತ್ತದೆ. ತೋರಲಿ. ನಮಗೆ ಗೊತ್ತಿದ್ದರೆ ಸಾಕು.

ಜನರೊಡನೆ ವ್ಯವಹಾರ ಮಾಡುತ್ತಿದ್ದ ಒಬ್ಬ ವ್ಯಾಪಾರಿಯ ಬಗ್ಗೆ ಪ್ರವಾದಿ ಮುಹಮ್ಮದ್(ಸ) ಹೇಳಿದ ವೃತ್ತಾಂತವನ್ನು ನಾವು ಚಿಕ್ಕಂದಿನಿಂದ ಮದ್ರಸದಲ್ಲಿ ಕೇಳಿದ್ದೇವೆ. ಕಷ್ಟದಲ್ಲಿರುವವರನ್ನು ಕಂಡರೆ ಬಿಟ್ಟುಬಿಡು, ಅಲ್ಲಾಹನು ನಮ್ಮನ್ನೂ ಬಿಟ್ಟಾನು ಎಂದು ಆತ ತನ್ನ ಕೆಲಸದವನಿಗೆ ಹೇಳಿಡುತ್ತಿದ್ದ. ಅಲ್ಲಾಹನು ಆತನನ್ನು ಕ್ಷಮಿಸಿದ. ಆತ ವಸೂಲಿಯನ್ನು ಕೆಲಸದವನಿಗೆ ಒಪ್ಪಿಸಿದ್ದ ನಿಜ, ಆದರೆ ಒಪ್ಪಿಸುವಾಗ ಈ ಮಾತನ್ನೂ ಜೊತೆಗೆ ಕೊಟ್ಟಿದ್ದ. ನಮ್ಮ ಕಾಲದ ಕೆಲಸದವನು ಈ ಮೊಬೈಲು. ಕೆಲಸ ಒಪ್ಪಿಸುವಾಗ ನಾವು ಅದಕ್ಕೆ ಏನು ಹೇಳಿಟ್ಟಿದ್ದೇವೆ?

ಆ ಬೀಡಿ ಕಟ್ಟುವ ಉಮ್ಮನ ಮನೆಗೆ ನಾವು ಹೋಗಿ ತಪ್ಪಾಯಿತೆಂದು ಹೇಳಿ ಬಂದೆವು. ಅವರು ಚಹಾ ಕೊಟ್ಟರು, ನಮ್ಮ ಉಮ್ಮನ ಆರೋಗ್ಯ ವಿಚಾರಿಸಿದರು. ಈಗಲೂ ಅವರು ನಮ್ಮ ಅಂಗಡಿಗೇ ಬರುತ್ತಾರೆ. ಅರ್ಧ ಕಿಲೋ ಸಕ್ಕರೆ, ಕಾಲು ಕಿಲೋ ಚಾಹುಡಿ, ಕೈಯಲ್ಲಿದ್ದಷ್ಟು ಹಣಕ್ಕೆ ಬೇಕಾದುದನ್ನು ಮಾತ್ರ ಕೊಂಡುಹೋಗುತ್ತಾರೆ. ಬರೆದುಕೊಳ್ಳಿ ಎಂದು ಆ ಮೇಲೆ ಅವರು ಒಮ್ಮೆಯೂ ಹೇಳಿಲ್ಲ.